ಎಪ್ಪತ್ತು ರಬ್ಬರ್ ಬ್ಯಾಂಡು

ನಾನು ಬಾಟನಿ ಲ್ಯಾಬಿನ ಅಟೆಂಡರು. ಓಟ ನನಗೆ
ಯಾವತ್ತೂ ಪೂರ್ತಿ ಕಂಡದ್ದಿಲ್ಲ.
ಬಾಯಾರು ಪದವಿನ ಆಚೆಯಿಂದ ಸೀಟಿ ಕೇಳುತ್ತದೆ,
ಆಮೇಲೆ ಸುಮಾರು ಹೊತ್ತು ಟಿಟ್ಟಿಭದ ಕೂಗು ಮಾತ್ರ.
ಬಿಟ್ಟುಹೋದ ಕಲ್ಲುಕೋರೆಯ ಬಾಯಿಯಲ್ಲಿ,
ಒಂಟಿ ಗೇರುಮರದ ಬುಡದಲ್ಲಿ ನಿಲ್ಲಿಸುತ್ತಾರೆ ನನ್ನನ್ನು,
ಎಡ ಮಣಿಕಟ್ಟಿಗೆ ರಬ್ಬರ್ ಬ್ಯಾಂಡು ಏರಿಸಿ.
ಮರ ಸುತ್ತಿ ಬಂದವಳಿಗೆ ಒಂದು.
ಅದು ಬೆರಳಲ್ಲಿದ್ದರೆ ಅವಳು ಓಡಿದ್ದು ನಿಜ;
ಮುಳಿಹುಲ್ಲಿನ ನಡುವೆ ಅಡ್ಡದಾರಿ ಉಂಟು, ದನಗಳಿಗೂ ಗೊತ್ತು.

ಕಾಲೇಜು ಎಂದರೆ ಮುರಕಲ್ಲಿನ ಎರಡು ಸಾಲು,
ಸಾರಣೆ ಕಾಣದ ಗೋಡೆ, ನೂರ ಎಂಬತ್ತು ಮಕ್ಕಳು.
ಇರುವ ಒಂದೇ ಸಪಾಟು ಜಾಗದಲ್ಲಿ ಪ್ರಿನ್ಸಿಪಾಲರ ಕಾರು.
"ಮೈದಾನ ಬೇಡದ ಆಟ ಯಾವುದುಂಟು?" ಎಂದು
ಕುಂಞಂಬು ಮಾಷ್ ಹುಡುಕಿ ತೆಗೆದದ್ದು ಇದನ್ನು.
ಬೆಳಿಗ್ಗೆ ಆರಕ್ಕೆ ಆರು ಹುಡುಗಿಯರು.
ಮಾಷ್ ಎಣಿಸುವುದು ಮಲಯಾಳದಲ್ಲಿ,
ಅವರು ಮಾಷನ್ನು ಬೈಯುವುದು ತುಳುವಿನಲ್ಲಿ,
ಏರು ಬಂದಾಗ ಲವೀನಾ ಒಬ್ಬಳು
ದೇವರನ್ನು ಕೊಂಕಣಿಯಲ್ಲಿ ಕರೆಯುತ್ತಾಳೆ.

ಆರು ಜನ ಓಡಬೇಕು, ನಾಲ್ವರ ಸ್ಥಾನ ಕೂಡಿಸಬೇಕು,
ಮೊತ್ತ ಕಡಿಮೆಯಾದಷ್ಟು ಒಳ್ಳೆಯದು.
"ಸೊಸೈಟಿ ಸಾಲದ ಹಾಗೆ," ಎಂದರು ಮಾಷ್.
ಫೋಟೋ ಬರುವುದು ಮೊದಲು ಬಂದವಳದ್ದು.
ತಂಡ ನಿಲ್ಲುವುದು ನಾಲ್ಕನೆಯವಳ ಕಾಲ ಮೇಲೆ.

ಕಳೆದ ವೃಶ್ಚಿಕದಲ್ಲಿ ಮೀಟು ನಮ್ಮಲ್ಲೇ.
ಹನ್ನೊಂದು ಕಾಲೇಜು, ಅರುವತ್ತಾರು ಹುಡುಗಿಯರು.
ಉತ್ತರಪತ್ರಿಕೆ ಕಟ್ಟುವ ರಬ್ಬರು, ಎಣಿಸಿ ಎಪ್ಪತ್ತು ಕೊಟ್ಟರು.
"ನೀರು ಕೊಡಬೇಡಿ, ಕೈ ಕೊಡಬೇಡಿ.
ಬಿದ್ದರೂ ಎತ್ತಬೇಡಿ. ಎತ್ತಿದರೆ ಅವಳು ಔಟು."

ಮಂಜಿನೊಳಗಿಂದ ಮೊದಲು ಬಂದದ್ದು ಸದ್ದು.
ಪದವಿನ ಅಡಿಯಲ್ಲಿ ಎಲ್ಲೋ ಟೊಳ್ಳಿದೆ,
ಹೆಜ್ಜೆ ಬಿದ್ದರೆ ಕವುಚಿಟ್ಟ ಮಡಕೆಯ ಹಾಗೆ ಧಂ ಎನ್ನುತ್ತದೆ.
ಕೊಟ್ಟೆ, ಕೊಟ್ಟೆ. ಬೆವರಿನ ಬೆರಳು, ಮದರಂಗಿಯ ಬೆರಳು,
ಕಸಿದುಕೊಂಡು ಹೋಗುವ ಬೆರಳು.
ಮುಖ ನೋಡಲು ಪುರುಸೊತ್ತಿಲ್ಲ.

ಐವತ್ತು ದಾಟಿದ ಮೇಲೆ
ಬೀಡಿ ಕಟ್ಟುವ ಕಮಲಕ್ಕನ ಮಗಳು ವನಿತಾ.
ಬಲಗಾಲಿನ ಶೂ ಬಾಯಿ ತೆರೆದಿತ್ತು,
ಅಟ್ಟೆ ನಾಯಿನಾಲಗೆಯ ಹಾಗೆ ಜೋತು ಕಲ್ಲಿಗೆ ಬಡಿಯುತ್ತಿತ್ತು.
ಕೂತಳು. ಕೈ ಚಾಚಿದಳು.
"ಎಂಕ್ ನಾಲ್ ಕೊರ್ಲೆ."

ನೀರು ಎಂದಿದ್ದರು, ಕೈ ಎಂದಿದ್ದರು,
ರಬ್ಬರಿನ ಬಗ್ಗೆ ಮಾಷ್ ಏನೂ ಹೇಳಿರಲಿಲ್ಲ.
ಮೂರನ್ನು ಶೂವಿಗೆ ಸುತ್ತಿದಳು, ಒಂದನ್ನು ಬೆರಳಿಗೆ.
ಅಷ್ಟರಲ್ಲಿ ನಾಲ್ವರು ದಾಟಿಹೋದರು.
ಅವಳು ಎದ್ದ ಕಡೆ ಕಲ್ಲಿನ ಮೇಲೊಂದು ಗುರುತು,
ನೆತ್ತರೋ ಕೆಂಪು ಹುಡಿಯೋ,
ಈ ನೆಲದಲ್ಲಿ ಹೇಳುವುದು ಕಷ್ಟ.

ಮಧ್ಯಾಹ್ನ ಲೆಕ್ಕ. ನಾಲ್ಕು ಉಳಿಯಬೇಕು.
ನನ್ನ ಕೈಯಲ್ಲಿ ತುಂಡಾದದ್ದು ಒಂದು.
"ಬಾಕಿ ಮೂರು?" ಹೊರಗಿನ ಅಧಿಕಾರಿ ಕನ್ನಡಕ ಇಳಿಸಿದರು.
"ಗಾಳಿಗೆ ಹೋಯಿತು ಸಾರ್."
ರಬ್ಬರು, ಗಾಳಿಗೆ!
ಆ ದಿನ ಮುಳಿಹುಲ್ಲು ಸಹ ಅಲ್ಲಾಡಿರಲಿಲ್ಲ.
ಮಾಷ್ ಒಮ್ಮೆ ವನಿತಾಳ ಕಾಲು ನೋಡಿದರು,
ಅವಳು ಅದನ್ನು ಬೆಂಚಿನ ಕೆಳಗೆ ಎಳೆದುಕೊಂಡಳು.
ಮಾಷ್ ಬರೆದರು. ಏನು ಬರೆದರೋ.

ಮಿಸ್ರಿಯಾ ಇಳಿಜಾರಿನಲ್ಲಿ ಪಕ್ಕೆ ಹಿಡಿದು ಕೂತಿದ್ದಳು,
ಸೌಪರ್ಣಿಕಾ ಎಲ್ಲರಿಗಿಂತ ಕೊನೆ.
ಐವತ್ತೆಂಟನೆಯ ವನಿತಾಳೇ ನಮ್ಮ ನಾಲ್ಕನೆಯವಳು.
ಹನ್ನೊಂದು ಕಾಲೇಜಿನಲ್ಲಿ ನಮ್ಮದು ಒಂಬತ್ತು.
ಅವಳಿಲ್ಲದಿದ್ದರೆ ಹತ್ತು.
ಪೇಪರಿನಲ್ಲಿ ಲವೀನಾಳ ಫೋಟೋ ಬಂತು, ಹೆಸರು ತಪ್ಪಾಗಿ.

ಸೋಮವಾರ ಲ್ಯಾಬಿನ ಮೇಜಿನ ಮೇಲೆ,
ಒಣ ಎಲೆ ಅಂಟಿಸಿದ ಹಾಳೆಗಳ ಪಕ್ಕ, ಮೂರು ರಬ್ಬರು.
ಎಳೆದೆಳೆದು ಸಡಿಲಾದವು, ಇನ್ನು ಯಾವ ಕಟ್ಟಿಗೂ ಆಗದವು.
ಒಂದರಲ್ಲಿ ಮುಳಿಯ ಕಡ್ಡಿ ಸಿಕ್ಕಿಕೊಂಡಿತ್ತು.
ಆಫೀಸಿಗೆ ಹಿಂದಿರುಗಿಸಬೇಕು,
ಸ್ಟಾಕ್ ರಿಜಿಸ್ಟರಿನಲ್ಲಿ ಅದಕ್ಕೂ ಒಂದು ಕಾಲಂ ಉಂಟು.
ಇನ್ನೂ ಕೊಟ್ಟಿಲ್ಲ.